ಎಗುಸಿ, ಪೊನ್ನಂಪೇಟೆ ರೀತಿ

ಕೇಳಿದ್ದಕ್ಕೆಲ್ಲ ಓಕೆ ಅನ್ನುವ ಹುಡುಗನ
ಹೆಸರೂ ಓಕೆಯೇ.
ಪೂರ್ತಿ ಹೆಸರು ಓಕೆಚುಕ್ವು; ನನ್ನ ನಾಲಿಗೆ
ಅರ್ಧ ದಾರಿಯಲ್ಲೇ ಇಳಿದುಬಿಡುತ್ತದೆ.
ಅರಣ್ಯ ಕಾಲೇಜಿಗೆ ಮರ ಓದಲು ಬಂದವನು.
ನನ್ನ ಮೆಸ್ಸಿನಲ್ಲಿ ಮೂರು ತಿಂಗಳು
ಸಾರನ್ನಕ್ಕೂ ಓಕೆ, ಕಡಂಬುಟ್ಟಿಗೂ ಓಕೆ,
ಹಂದಿ ಕರಿಗೆ ಎರಡು ಸಲ ಓಕೆ.

ಕಕ್ಕಡ ತಿಂಗಳಲ್ಲಿ ಜ್ವರ ಬಂತು.
ಗಂಜಿ ಕೊಟ್ಟೆ. ಬೇಡ ಅಂದ.
ಮೊದಲ ಸಲ ಅವನ ಬಾಯಲ್ಲಿ ಬೇಡ.
ಗೋಡೆಗೆ ಮುಖ ತಿರುಗಿಸಿ ಒಂದೇ ಮಾತು:
ಎಗುಸಿ.
ಯಾರೋ ಹುಡುಗಿ ಅಂದುಕೊಂಡೆ.

ಹುಡುಗಿಯಲ್ಲ, ಬೀಜ. ಕಲ್ಲಂಗಡಿಯ ನೆಂಟ.
ಗೋಣಿಕೊಪ್ಪದ ಕುಂಞಾಲಿಯ ಅಂಗಡಿಯಲ್ಲಿ
ಹಲ್ವದ ಮೇಲೆ ಉದುರಿಸುವ ಕರಬೂಜ ಬೀಜ
ಕಾಲು ಕೆ.ಜಿ. ಕೇಳಿದೆ.
ಮದುವೆಯಾ ಅಕ್ಕ? ಅಂದ.
ಅಲ್ಲ, ಜ್ವರ, ಅಂದೆ.

ಸಕ್ಕರೆ ಡಬ್ಬಿಗೆ ಒರಗಿಸಿದ ಫೋನಿನಲ್ಲಿ
ಎನುಗು ಎಂಬ ಊರಿನಿಂದ ಅವನ ಅಮ್ಮ, ಉಲೋಮಾ,
ತಲೆಗೆ ಹಳದಿ ವಸ್ತ್ರ, ಹಿಂದೆ ಅವಳ ಒಲೆ.
ಅವಳ ಇಂಗ್ಲಿಷು ಅವಳದು,
ನನ್ನ ಇಂಗ್ಲಿಷು ಇಲ್ಲದ್ದು,
ನಡುವೆ ಕಂಬಳಿಯೊಳಗಿಂದ ಓಕೆಯ ಅನುವಾದ,
ಕೆಮ್ಮು ಸಹಿತ.
ಎಷ್ಟು ಎಣ್ಣೆ? ಅಂಗೈ ಬಾಗಿಸಿ ತೋರಿಸಿದಳು.
ಎಷ್ಟು ಹೊತ್ತು? ಮೂಗು ಮುಟ್ಟಿ ತೋರಿಸಿದಳು.
ನಮ್ಮತ್ತೆ ಕಲಿಸಿದ್ದೂ ಹೀಗೆಯೇ,
ಬೈಗುಳ ಮಾತ್ರ ಇವಳಲ್ಲಿ ಕಡಿಮೆ.

ಅವನ ಸೂಟ್‌ಕೇಸಿನ ತಳದಿಂದ, ಮೂರು ಕವರಿನೊಳಗಿಂದ
ಹೊರಬಂತು ಅಂಗೈಯುದ್ದದ ಬಾಟಲಿ.
ಕೆಂಪು ತಾಳೆ ಎಣ್ಣೆ. ನಮ್ಮ ಪಾಮಾಯಿಲಿನ ಅಕ್ಕ ಇರಬೇಕು,
ಬಣ್ಣ ಕಳಕೊಳ್ಳದವಳು.
ಬಿಸಿಯಾದಾಗ ಎದ್ದ ವಾಸನೆಗೆ ನನ್ನಲ್ಲಿ ಹೆಸರಿರಲಿಲ್ಲ.
ಒಣಮೀನು ಮುರಿದು ಹಾಕಿದೆ. ಸೂಜಿಮೆಣಸು ಆರು.
ಇನ್ನೂ, ಅಂದಳು. ಇನ್ನೂ.
ನನ್ನ ಕಣ್ಣೀರು ನೋಡಿ ನಕ್ಕಳು.

ಅರೆದ ಬೀಜ ಎಣ್ಣೆಯಲ್ಲಿ ಒಡೆದ ಹಾಲಿನಂತೆ ಗಂಟುಗಂಟು.
ಕೆಟ್ಟೇಹೋಯಿತು ಅಂತ ಒಲೆ ಆರಿಸಲು ಕೈ ಚಾಚಿದರೆ
ನೋ ನೋ ನೋ
(ಇದಕ್ಕೆ ಅನುವಾದ ಬೇಕಾಗಲಿಲ್ಲ).
ಕೆಟ್ಟಂತೆ ಕಾಣುವುದೇ ಅದರ ಹದವಂತೆ.
ಕಹಿಸೊಪ್ಪು ಬೇಕಂತೆ; ಹಿತ್ತಲಿನ ಹಾಗಲದ ಚಿಗುರು ಕಿತ್ತು
ಏಳು ನೀರಲ್ಲಿ ತೊಳೆದೆ.

ಮರಗೆಣಸು ಬೇಯಿಸಿ ಒರಳಿಗೆ ಹಾಕಿದ್ದು ನಾನು,
ಕುಟ್ಟಿದ್ದು ಪಾತ್ರೆ ತೊಳೆಯುವ ಜವರ, ಪಿರಿಯಾಪಟ್ಟಣದವನು.
ಉಂಡೆ ಕಟ್ಟಿದ್ದೇ ಅವನ ಮುಖ ಅರಳಿತು:
‘ಅಕ್ಕಾ, ಇದು ಮುದ್ದೆ! ಬಿಳೀ ಮುದ್ದೆ!
ಆ ಹುಡುಗನಿಗೆ ಹೇಳಿ, ಅಗೀಬಾರದು, ನುಂಗಬೇಕು.’
ಹನ್ನೊಂದು ವರ್ಷ ನಮ್ಮ ಅಕ್ಕಿಯ ಕಡುಬಿನ ನಡುವೆ
ಯಾರಿಗೂ ಕಲಿಸಲಾಗದೆ ಉಳಿದಿದ್ದ ವಿದ್ಯೆ.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು.
ಉಲೋಮಾ ಯಾರನ್ನೋ ಗದರಲು ಆಚೆ ತಿರುಗಿದಾಗ
ಕೈ ಕೇಳಲಿಲ್ಲ:
ಕಾಚಂಪುಳಿ, ಎರಡು ಹನಿ.
ಹುಳಿ ಮುಟ್ಟಿಸದೆ ಸಾರು ಇಳಿಸಿದ ಕೈಯಲ್ಲ ಇದು.

ಓಕೆ ಎದ್ದು ಕೂತ. ಚಿವುಟಿದ, ಅದ್ದಿದ, ನುಂಗಿದ.
ಯಾರೂ ಹೇಳಿಕೊಡಬೇಕಾಗಲಿಲ್ಲ; ಜವರನಿಗೆ ತುಸು ಬೇಸರ.
ಆಮೇಲೆ ಸುಮ್ಮನಾದ.
‘ಆಂಟಿ, ಇದು ಅಮ್ಮನದಲ್ಲ.’
ಒಲೆಯ ಮೇಲೆ ನೀರು ಮರಳುವುದು ಕೇಳಿಸುತ್ತಿತ್ತು.
‘ನಿಮ್ಮದೂ ಅಲ್ಲ’
ಅಂದು ತಟ್ಟೆ ಮುಂದೆ ಚಾಚಿದ.

ಅಮ್ಮನಿಗೆ ಏನು ಹೇಳಿದನೋ, ಅವರ ಮಾತಿನಲ್ಲಿ,
ಅದನ್ನು ಮಾತ್ರ ಅನುವಾದಿಸಲಿಲ್ಲ.
ಮುಂದಿನ ಭಾನುವಾರ ಅವಳೇ ಫೋನು ಮಾಡಿ
ಕಪ್ಪಗಿರುವುದು, ಹುಳಿ ಇರುವುದು, ಏನದು ಅಂದಳು.
ಅವಳ ಊರಲ್ಲಿ ಸಿಗುವುದಿಲ್ಲವಂತೆ.

ರಜೆಗೆ ಹೊರಟಿದ್ದಾನೆ ಹುಡುಗ.
ಆ ಎಣ್ಣೆಯ ಬಾಟಲಿ ತೊಳೆದು
ಕಿಟಕಿಯಲ್ಲಿ ಬೋರಲು ಇಟ್ಟಿದ್ದೇನೆ.
ಬಿಸಿನೀರು, ಸೀಗೆ, ಬೂದಿ, ಎಲ್ಲ ಆಯಿತು.
ಕೆಂಪು ಇನ್ನೂ ಪೂರ್ತಿ ಹೋಗಿಲ್ಲ.