ಕೂರಿಸುವುದು

ಮೂವತ್ತೊಂದು ವರ್ಷದಿಂದ ಇದೇ ಕಸುಬು, ಟೈಲ್ಸ್ ಕೂರಿಸುವುದು.
ವಿಂಡ್ಸರಿನ ಅರ್ಧಕ್ಕರ್ಧ ಬಚ್ಚಲುಗಳಿಗೆ
ನನ್ನ ಮಂಡಿಯ ಪರಿಚಯವಿದೆ.
ಕಲ್ಲು ಕೂರಿಸುವುದು ಸುಲಭ:
ಗಾರೆ ಬಳಿ, ಒತ್ತು, ರಬ್ಬರ್ ಸುತ್ತಿಗೆಯಿಂದ ಎರಡು ತಟ್ಟು,
ಕೂತಲ್ಲೇ ಕೂತಿರುತ್ತದೆ.
ಕಾಲು ಚಾಚಲು ಜಾಗ ಕೇಳುವುದಿಲ್ಲ.

ಹಳೆಯ ವ್ಯಾನಿನ ಹಿಂದಿನ ಸೀಟು ಬೇರೆಯೇ ತಳಿ.
ಸೋಫಾದ ದಪ್ಪ, ಕರುವಿನ ಭಾರ.
ಸೋಮವಾರ ನಸುಕಿಗೆ ಕೊಂಡಿ ಬಿಚ್ಚಿ, ಹಲ್ಲು ಕಚ್ಚಿ
ಗ್ಯಾರೇಜಿಗೆ ಹೊರುವುದು,
ಶನಿವಾರ ರಾತ್ರಿ ಮತ್ತೆ ಒಳಗೆ.
ಭಾನುವಾರ ಟಿಲ್ಬರಿಯಿಂದ ಕರೆತರಬೇಕಲ್ಲ
ಹೆಂಡತಿಯ ಅಕ್ಕ ಓಡೆಟ್‌ಳನ್ನು,
ಅವಳ ಉಕ್ಕಿನ ಸೊಂಟಕೀಲಿನ ಸಮೇತ.
ನಡುವಿನ ಸಾಲು ಮೊಮ್ಮಕ್ಕಳದು,
ಅದರ ಬಗ್ಗೆ ಯಾರೂ ಚಕಾರ ಎತ್ತುವಂತಿಲ್ಲ.

ಫೆಬ್ರವರಿಯಲ್ಲಿ ಹೊಸ ವ್ಯಾನು ನೋಡಲು ಹೋದೆವು.
ಮಾರುವ ಹುಡುಗ ಗಸ್ಸಾನ್ ಒಂದು ಪಟ್ಟಿ ಎಳೆದ.
ಸೀಟು ತಲೆ ಬಾಗಿಸಿತು, ಹಿಂದಕ್ಕೆ ಉರುಳಿತು,
ಗುಂಡಿಗಿಳಿದು ತಾನೇ ನೆಲವಾಯಿತು.
"ಒಂದು ಕೈ ಸಾಕು, ಸರ್."
ನನ್ನ ಬೆನ್ನು ಆಗಲೇ ಚೆಕ್ಕಿಗೆ ಸಹಿ ಹಾಕಿತ್ತು.

ಸೋಲಾಂಜ್ ಮಾತಾಡಲಿಲ್ಲ. ಸೀಟನ್ನು ಮತ್ತೆ ಎಬ್ಬಿಸಲು ಹೇಳಿ
ಹತ್ತಿ, ಹಿಂದೆ ಹೋಗಿ ಕೂತಳು,
ತೊಡೆಯ ಮೇಲೆ ಕೈಚೀಲ.
"ಬಾಗಿಲು ಹಾಕಿ."
ನದಿಯ ಗಾಳಿಯಲ್ಲಿ ಗಸ್ಸಾನೂ ನಾನೂ ಹೊರಗೆ.
ಗಾಜಿನಾಚೆ ಅವಳು,
ಡಾಕ್ಟರ್ ಕೂಗಲೆಂದು ಕಾಯುವವರ ಹಾಗೆ,
ಮಂಡಿ ಗಲ್ಲಕ್ಕೆ ಹತ್ತಿರ.
ಹತ್ತು ನಿಮಿಷ. ಇಪ್ಪತ್ತು. ಕಾಫಿ ಹೆಪ್ಪುಗಟ್ಟುವಷ್ಟು.

ಇಳಿದು ಬಂದು ಅಂದಳು:
"ಗುಂಡಿಯೊಳಗೆ ಹಿಡಿಸಬೇಕಲ್ಲ,
ಅದಕ್ಕೇ ಪಾಪ, ಊಟ ಬಿಟ್ಟಿದೆ ಈ ಸೀಟು.
ಮಡಿಸಬಹುದು, ಸರಿ.
ಮಡಿಲಿಲ್ಲ."

ನಾನಂದೆ: ಇಪ್ಪತ್ತು ಪೆಟ್ಟಿಗೆ ಟೈಲ್ಸು, ಗರಗಸ, ಬಕೆಟ್ಟು, ವಾರಕ್ಕೆ ಆರು ದಿನ.
ಅವಳಂದಳು: ಓಡೆಟ್, ಒಂದು ದಿನ.
ಲೆಕ್ಕ ನನ್ನದೇ ಸರಿ.
ಲೆಕ್ಕ ಸರಿಯಿದ್ದವನು ಮನೆಯಲ್ಲಿ ಗೆದ್ದದ್ದನ್ನು
ನಾನಂತೂ ಕಂಡಿಲ್ಲ.
ಆದರೂ ಕೊಂಡೆವು. ಸೋತವರು ಯಾರೆಂದು
ಇನ್ನೂ ಇತ್ಯರ್ಥವಾಗಿಲ್ಲ.

ಸೋಲಾಂಜ್ ನಾಲ್ಕಿಂಚಿನ ಫೋಮ್ ತಂದು
ಹಸಿರು ಕಾರ್ಡುರಾಯ್ ಹೊದಿಸಿ ದಿಂಬು ಹೊಲಿದಳು.
ದಿಂಬಿದ್ದರೆ ಸೀಟು ಮಡಿಸಲಾಗದು,
ಸೀಟು ಮಡಿಸಿದರೆ ದಿಂಬಿಗೆ ತಾವಿಲ್ಲ.
ಹಾಗಾಗಿ ವಾರವಿಡೀ ಅದು ನನ್ನ ಪಕ್ಕದಲ್ಲಿ,
ಬೆಲ್ಟು ಹಾಕಿಕೊಂಡು,
ನಾನು ಹಾಡಿಕೊಂಡರೆ ಕೇಳಿಕೊಂಡು.

ಭಾನುವಾರ ಸೀಟು ಮೇಲೆದ್ದಾಗ ಹಿಂದಿನ ಗುಂಡಿ ಖಾಲಿ.
ಓಡೆಟ್ ಅಲ್ಲಿ ಮಾಂಸದ ಪೈ ಇಡಿಸುತ್ತಾಳೆ,
ಟವೆಲಿನಲ್ಲಿ ಸುತ್ತಿ, ಬಿಸಿಬಿಸಿ.
ಇಡೀ ವ್ಯಾನಿನಲ್ಲಿ
ಹೇಳಿ ಮಾಡಿಸಿದಂತೆ ಕೂರುವುದು ಅದೊಂದೇ.

ಹಳೆಯ ಸೀಟನ್ನು ನಾನು ಮಾರಲಿಲ್ಲ.
ಕೊಳ್ಳುವವನು ವ್ಯಾನನ್ನು ಬರೀ ನೆಲದೊಂದಿಗೆ ಒಯ್ದ.
ಗ್ಯಾರೇಜಿನ ಗೋಡೆಗೆ ಒರಗಿ ಅದರ ಮೇಲೆ ಬ್ರೆಡ್ ತಿನ್ನುತ್ತೇನೆ,
ಎಲ್ಲಿಗೂ ಹೋಗದ ಪ್ರಯಾಣ,
ಎಷ್ಟು ಸುಖವೋ.

ಮೇ ತಿಂಗಳಲ್ಲಿ ಚಾಥಮಿನಲ್ಲೊಂದು ಮದುವೆ.
ಓಡೆಟ್ ಕರಿ ಕೋಟು ತೊಟ್ಟಿದ್ದಳು, ಮುತ್ತಿನ ಸರ.
ಚರ್ಚಿನ ಮೆಟ್ಟಿಲ ಬಳಿ ಇಳಿಸಿ ನೋಡುತ್ತೇನೆ:
ಕೋಟಿನ ಹಿಂದೆಲ್ಲ ಬೆಳ್ಳಗೆ ಗೀರು ಗೀರು.
ಕಾರ್ಡುರಾಯಿನ ಸಾಲು ಸಾಲಿನಲ್ಲಿ ಅಡಗಿ ಕೂತ
ಆರು ದಿನದ ಗಾರೆ ಪುಡಿ.
ಮೂವರು ಹೆಂಗಸರು ಸೇರಿ ಕೊಡವಿದ್ದೇ ಕೊಡವಿದ್ದು,
ಒಳಗೆ ಆರ್ಗನ್ ಶುರುವಾಗಿತ್ತು.
"ಬಿಡ್ರೇ ಸಾಕು," ಅಂದಳು ಓಡೆಟ್,
"ವಾಪಸ್ಸೂ ಅದರ ಮೇಲೆ ತಾನೆ ಕೂರೋದು."

ರಾತ್ರಿ ಅವಳ ಊರುಗೋಲು ಹಿಡಿದು,
ಅವಳು ಬಗ್ಗಿ ಒಳಹೋಗುವ ಮೊದಲು
ದಿಂಬನ್ನು ಎರಡು ತಟ್ಟಿದೆ,
ಅಭ್ಯಾಸಬಲ.
ಪುಡಿ ಎದ್ದಿತು.