ನಲವತ್ತೊಂದು ಗಂಟು

ನಸುಕಿನ ದೋಣಿ ಹತ್ತಿದವರು ಒಂಬತ್ತು ಮಂದಿ,
ಎರಡು ಕುರಿ, ಆಲೂಗಡ್ಡೆಯ ಚೀಲಗಳು,
ನನ್ನ ಮಡಿಲಲ್ಲಿ ಉಣ್ಣೆಯೊಳಗೆ ಮುದುಡಿದ ರಾಯೆನ್:
ಒಂದೂವರೆ ವರ್ಷ, ಹದಿಮೂರು ಹಲ್ಲು.

ಹಲ್ಲು ಎಣಿಸಿದ್ದು ಡಾಕ್ಟರು.
"ಹದಿನಾಲ್ಕನೆಯದು ಬರುತ್ತಿದೆ, ಎದುವೀನಾ,
ಅದಕ್ಕೇ ತಲೆ ಹಾಗೆ ಜೋಲುತ್ತದೆ. ಹೋಗು, ನೀನೊಂದಿಷ್ಟು ನಿದ್ದೆ ಮಾಡು."
ಒಳ್ಳೆಯ ಮನುಷ್ಯ. ನಮ್ಮ ದ್ವೀಪಕ್ಕೆಲ್ಲ ಅವರೊಬ್ಬರೇ.
ಹಗ್ಗ ಸುತ್ತಿ ಇನ್ನೇನು ತುಂಡಾಗಲಿದ್ದ ರೊಸಮೆಲನ ಹೆಬ್ಬೆರಳನ್ನು
ಕರೆಂಟಿಲ್ಲದ ರಾತ್ರಿ ಲಾಟೀನು ಹಿಡಿಸಿ ಹೊಲಿದವರು.
ಅವರಿಗೆ ಹೇಳದೆ ಹೊರಟಿದ್ದೇನೆ.
ಅವರ ಕಿಟಕಿಯ ಮುಂದೆ ಹಾಯುವಾಗ
ಮಗುವಿನ ಮುಖಕ್ಕೆ ಶಾಲು ಎಳೆದೆ,
ಕದ್ದ ಕೋಳಿಯನ್ನು ಮುಚ್ಚುವಂತೆ.

ಅದು ಹೀಗೆ: ನಿದ್ದೆ ತಿಳಿದ ಕೂಡಲೇ
ತಲೆ ಎದೆಗೆ ಬೀಳುತ್ತದೆ, ಕೈ ಎರಡೂ ಮೇಲಕ್ಕೆ,
ಯಾರೋ ಕರೆದಂತೆ, ಅವಳು ಹೂಂ ಅಂದಂತೆ.
ಒಂದು ಉಸಿರಿನಷ್ಟು. ಮತ್ತೆ. ಮತ್ತೆ.
ಆಮೇಲೆ ನನ್ನನ್ನು ನೋಡುತ್ತಾಳೆ, ನಾನು ಹೊಸಬಳೆಂಬಂತೆ.
"ನೀರು" ಅನ್ನುತ್ತಿದ್ದಳು. "ಕುರಿ" ಅನ್ನುತ್ತಿದ್ದಳು.
ಮೇ ತಿಂಗಳಲ್ಲಿ ನೀರು ಹೋಯಿತು.
ಜೂನಿನಲ್ಲಿ ಕುರಿ.

ಅತ್ತೆ ದೃಷ್ಟಿ ಎಂದರು, ಮಣಿಕಟ್ಟಿಗೆ ಕೆಂಪು ನೂಲು ಕಟ್ಟಿದರು.
ಪಕ್ಕದ ಮನೆಯವಳು ಹುಳು ಎಂದಳು.
ನನ್ನಕ್ಕ, ನಿನಗೆ ಬೇರೆ ಕೆಲಸವಿಲ್ಲ, ಎಂದಳು.
ಡಾಕ್ಟರ ಮುಂದೆ ಮಗು ಒಮ್ಮೆಯೂ ಹಾಗೆ ಮಾಡಲಿಲ್ಲ,
ಅವರ ಸ್ಟೆತಸ್ಕೋಪು ಬಾಯಿಗಿಟ್ಟುಕೊಂಡು ನಕ್ಕಳು.
ನಾನೇ ಸುಳ್ಳುಬುರುಕಿ.

ರೊಸಮೆಲ್ ಏನೂ ಅನ್ನಲಿಲ್ಲ. ಮಾತಿಗಿಂತ ಬಲೆಯ ಸಹವಾಸದವನು.
ಬಲೆ ಹೆಣೆಯುವ ದಾರದ ತುಂಡೊಂದು
ತೊಟ್ಟಿಲ ಪಕ್ಕದ ಮೊಳೆಯಲ್ಲಿ ತೂಗುತ್ತಿದ್ದುದನ್ನು
ನಾನು ನೋಡಿದ್ದೇ ಮೂರನೆಯ ದಿನ.
ಪ್ರತಿ ಸಲಕ್ಕೂ ಒಂದು ಗಂಟು, ನಲವತ್ತೊಂದು.
"ನಾನೂ ನೋಡಿದೆ," ಎಂದ.
ಮದುವೆಯಾಗಿ ಆರು ವರ್ಷ,
ಇಷ್ಟು ದೊಡ್ಡ ಮಾತು ಅವನು ಆಡಿರಲಿಲ್ಲ.

ದೋಣಿ, ಬಸ್ಸು, ಮತ್ತೊಂದು ದೋಣಿ, ಮತ್ತೊಂದು ಬಸ್ಸು.
ಪುಯೆರ್ತೊ ಮೊಂತ್‌ನ ಆಸ್ಪತ್ರೆ, ಫಿನಾಯಿಲಿನ ಉದ್ದನೆಯ ಓಣಿ.
ಡಾಕ್ಟರ್ ಒರ್ಫೆಲೀನಾ ಕಾರ್ಕಮೊ ಕನ್ನಡಕ ಒರೆಸುತ್ತಿದ್ದರು.
ದಾರಿಯುದ್ದಕ್ಕೂ ಜೋಡಿಸಿಕೊಂಡ ವಾಕ್ಯಗಳೆಲ್ಲ ಉದುರಿ
ಬಾಯಿಂದ ಬಂದದ್ದು ಇದೊಂದೇ:
"ನಮ್ಮೂರ ಡಾಕ್ಟರು ಒಳ್ಳೆಯವರು."
"ಇರಲಿ. ನೀವು ಏನು ಕಂಡಿರಿ?"
ನನ್ನನ್ನು. ನನ್ನನ್ನೇ ಕೇಳಿದ್ದು.

ದಾರ ಕೊಟ್ಟೆ.
ಅವರು ಅದನ್ನು ಬೆರಳ ನಡುವೆ ನಿಧಾನ ಎಳೆದರು,
ಜಪಮಾಲೆಯಲ್ಲಿ ನಂಬಿಕೆಯಿಲ್ಲದವರು ಎಳೆಯುವ ಹಾಗೆ,
ಒಂದು ಕಡೆ ನಿಂತರು.
"ಇಲ್ಲೇಕೆ ಒತ್ತೊತ್ತಾಗಿವೆ?"
"ಅದು ಬೆಳಿಗ್ಗೆ. ಎದ್ದ ಕೂಡಲೇ."
ಅವರು ಪೆನ್ನು ಕೆಳಗಿಟ್ಟರು.
ಆ ಸದ್ದು ಈಗಲೂ ಕೇಳುತ್ತದೆ ನನಗೆ.

ಒಂದು ಮಾತು ಯಾರಿಗೂ ಹೇಳಿಲ್ಲ:
ಎರಡನೆಯವರನ್ನು ಕೇಳಲು ಹೊರಟ ನಾನು
ಮೊದಲಿನವರೇ ಸರಿಯಾಗಿರಲಿ ಎಂದು
ಎರಡು ದೋಣಿ ಎರಡು ಬಸ್ಸಿನುದ್ದಕ್ಕೂ ಬೇಡಿಕೊಂಡಿದ್ದೆ.
ಹುಚ್ಚಿ ಅಂತ ಬೈದು ಕಳಿಸಲಿ. ನಗಲಿ.

ಮಗುವಿನ ತಲೆತುಂಬ ತಂತಿ ಅಂಟಿಸಿದರು.
ಕಾಗದದ ಮೇಲೆ ಗೆರೆಗಳು ಎದ್ದವು,
ಸಣ್ಣ ಅಲೆಗಳಲ್ಲ, ದಿಕ್ಕುಗೆಟ್ಟ ಸಮುದ್ರ.
ಅವರು ಕಾಯಿಲೆಯ ಹೆಸರು ಹೇಳಿದರು, ಉದ್ದದ್ದು.
ಔಷಧಿ ಇದೆ, ಇವತ್ತೇ ಶುರು, ಎಂದರು.
ವಾಸಿಯಾಗುತ್ತದೆ ಎಂದು ಅನ್ನಲಿಲ್ಲ.
ಆಗುವುದಿಲ್ಲ ಎಂದೂ.

ರಾತ್ರಿ ಫೋನಿನಲ್ಲಿ ರೊಸಮೆಲ್: "ಏನಂದರು?"
"ಹಲ್ಲಲ್ಲ."
ಬಹಳ ಹೊತ್ತು ಗಾಳಿಯಷ್ಟೇ ಕೇಳಿಸಿತು.
"ನಾಳೆ ಡಾಕ್ಟರಿಗೆ ನಾನೇ ಹೇಳಿ ಬರುತ್ತೇನೆ,
ಅವರಿಗೂ ಗೊತ್ತಿರಬೇಕು," ಎಂದ.
"ಮೀನೂ ಒಯ್ಯುತ್ತೇನೆ."

ದಾರ ಈಗ ಅವಳ ಫೈಲಿನೊಳಗೆ, ಕ್ಲಿಪ್ಪಿನಡಿ.
ನರ್ಸನ್ನು ಕೇಳಿ ಬ್ಯಾಂಡೇಜಿನ ಒಂದು ಪಟ್ಟಿ ಇಸಿದುಕೊಂಡೆ,
ಮಂಚದ ಸರಳಿಗೆ ಕಟ್ಟಿದೆ.
ಬೆಳಗಾಗುತ್ತದೆ. ಅವಳು ಏಳುತ್ತಾಳೆ.