ಗ್ರಾಮಿನ ಲೆಕ್ಕ

ಹಟ್ಟಿಯ ಶಾಫ್ಟು ದೀಪಗಳಿಗೆ ಆಕಾಶ ಮಬ್ಬು;
ಎಣಿಸಿದರೆ ಹನ್ನೊಂದು ಚುಕ್ಕಿ.
ದುರ್ಬೀನಿಗೆ ಫಿಲ್ಟರು ತಿರುವಿದೆ:
ಜಲಜನಕದ ಒಂದೆಳೆ ಕೆಂಪು ಒಳಗೆ,
ಉಳಿದ ಬೆಳಕೆಲ್ಲ ಹೊರಗೆ.

ಹತ್ತು ನಿಮಿಷಕ್ಕೊಂದು ಚಿತ್ರ.
ಮೊದಲನೆಯದರಲ್ಲಿ ಬರೀ ಮರಳು.
ಹಗಲು ಲ್ಯಾಬಿನಲ್ಲೂ ಇದೇ ಅಲ್ಲವೆ,
ಟನ್ನು ಕಲ್ಲರೆದು, ಜಾಲಿಸಿ,
ಎರಡೋ ಮೂರೋ ಗ್ರಾಮೆಂದು ಬರೆಯುವುದು.

ಮೂವತ್ತೆರಡನ್ನು ಒಂದರ ಮೇಲೊಂದು ಪೇರಿಸಿದೆ.
ಬೆಳಗಿನ ಜಾವ, ಆರಿದ್ರೆಯ ಪಕ್ಕ
ಏನೂ ಇರದಿದ್ದಲ್ಲಿ
ಹೂವಿನಂಥ ಹೊಗೆ.

ಟಾಕಿ ನೀರಿಗೆ ಬಂದ ಖಾಜಾಬಿ ಇಣುಕಿದಳು:
"ಕೆಂಪ ಅಂದಿ, ಇದು ಬೂದಿ ಆಗೇದಲ್ಲ?"
ಕ್ಯಾಮೆರಾಕ್ಕೆ ಬಣ್ಣ ಗೊತ್ತಿಲ್ಲ ಚಾಚಿ,
ಕೆಂಪು ನಾನೇ ಹಚ್ಚಬೇಕು.

ಸೈರನ್ನು. ಪಾಳಿ ಮುಗಿದವರ ಬೂಟಿನ ಸದ್ದು.
ಕೊಡ ಸೊಂಟಕ್ಕೇರಿಸಿ ಅಂದಳು:
"ನಮ್ಮನಿಯವ್ರು ಮೂವತ್ತು ವರ್ಷ ಇಳಿದ್ರು.
ಮ್ಯಾಲ ತಂದದ್ದೆಲ್ಲ ಬೂದಿ ಕಲ್ಲ.
ಬಂಗಾರ ಅಂದವ್ರು ನೀವು."